ಮೊದಲು ಪ್ಲಗ್ ಕೀಳು, ಆಮೇಲೆ ಓದು

ತೀರ್ಥಹಳ್ಳಿ
ಗುರುವಾರ ರಾತ್ರಿ

ಪುಟ್ಟಿ,

ನಿನ್ನ ಆಮೆ ಕೊಳದ ಪ್ಲಗ್ ಕೀಳು ಅಂತ ನಾನು ಕೂಗಿದ್ದಕ್ಕೆ ಭಾನುವಾರ ಸಿಟ್ಟಿನಲ್ಲಿ ಫೋನ್ ಇಟ್ಟವಳು ನನ್ನ ಫೋನ್ ಎತ್ತುತ್ತಲೇ ಇಲ್ಲ. ನಿಮ್ಮಮ್ಮನ ಫೋನಿನಿಂದ ಮಾಡಿದರೆ ಮಾತ್ರ ಎತ್ತುತ್ತೀಯ. ಅವಳ ಹತ್ತಿರ "ಪ್ಲಗ್ ಕಿತ್ತಿದ್ದೀನಿ, ಅಪ್ಪನಿಗೆ ಹೇಳು" ಅಂದೆಯಂತೆ. ನನಗೆ ನಂಬಿಕೆ ಬರಲಿಲ್ಲ. ಫಿಲ್ಟರ್ ಇಲ್ಲದೆ ಆಮೆ ನೀರು ಭಾನುವಾರದಿಂದ ಇವತ್ತಿನವರೆಗೆ ನಾರದೆ ಇರುತ್ತಾ? ನಾತ ತಡೆಯಲಾರದೆ ನೀನು ಮತ್ತೆ ಹಾಕಿರುತ್ತೀಯ. ಈಗಲೂ ಹಾಕಿದ್ದರೆ ಕಾಗದ ಕೆಳಗಿಡು. ಕೈ ಒರೆಸಿಕೊಂಡು ಮೊದಲು ಗೋಡೆಯ ಸ್ವಿಚ್ ಆರಿಸು, ಆಮೇಲೆ ಪಿನ್ ಕೀಳು, ಬಂದು ಓದು.

ನಾನು ಕೂಗಿದ್ದು ಜಾಸ್ತಿ ಆಯಿತು. ನಿನ್ನ ರೂಮಿನ ಹುಡುಗಿಯ ಎದುರಿಗೆ ಹಾಗೆ ಕೂಗಬಾರದಿತ್ತು. ಆದರೆ ಪ್ಲಗ್ ಕೀಳು ಅಂದಿದ್ದರಲ್ಲಿ ತಪ್ಪಿಲ್ಲ, ಇನ್ನೊಂದು ಸಲ ಕೇಳಿದರೂ ಅದನ್ನೇ ಹೇಳುತ್ತೇನೆ.

ನೀನು ಅಷ್ಟು ಆಸೆಯಿಂದ ಕ್ಯಾಮೆರಾ ತಿರುಗಿಸಿ ಹಾಲ್‌ನಲ್ಲಿ ನೀನೇ ಕಟ್ಟಿದ ಕೊಳವನ್ನೆಲ್ಲಾ ತೋರಿಸಿದೆ. ನಾನು ಏನೂ ಹೇಳಲಿಲ್ಲ ಅಂತ ನಿನಗೆ ಬೇಜಾರು, ಅಲ್ವಾ? ಈಗ ಹೇಳುತ್ತೇನೆ. ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಮೂಲೆಯಲ್ಲಿ ಟಾರ್ಪಾಲು ಕತ್ತರಿಸದೆ ಮಡಿಚಿ ಒಳಗೆ ಸೇರಿಸಿದ್ದೀಯಲ್ಲ, ಅದು ಬುದ್ಧಿವಂತರ ಕೆಲಸ. ಕತ್ತರಿಸಿದ್ದರೆ ಅಲ್ಲೇ ಸೋರುತ್ತಿತ್ತು. ಪ್ಲೈವುಡ್ ನೀರಿನ ಭಾರಕ್ಕೆ ಹೊಟ್ಟೆ ಬಿಡದಿರಲಿ ಅಂತ ಹೊರಗಡೆಯಿಂದ ಕಟ್ಟಿಗೆ ಪಟ್ಟಿ ಹೊಡೆದಿದ್ದೀಯ. ಆಮೆ ಹತ್ತಲು ಇಟ್ಟಿಗೆ ಜೋಡಿಸಿ ಇಳಿಜಾರು ಮಾಡಿದ್ದೀಯ. ಯಾರು ಕಲಿಸಿದರು ನಿನಗೆ? ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದೆ. "ಮಗಳು ಕಂಪ್ಯೂಟರ್ ಕೆಲಸದಲ್ಲಿದ್ದಾಳೆ, ಇದನ್ನು ಸುಮ್ನೆ ರಜೆಯಲ್ಲಿ ಮಾಡಿದ್ದು" ಅಂತ ಹೇಳಿಕೊಂಡೆ. ನಿಮ್ಮಮ್ಮನಿಗೆ ಇದು ಗೊತ್ತಿಲ್ಲ.

ಆದರೆ ನೀನು ನಗುತ್ತಾ ಒಂದು ಮಾತು ಹೇಳಿದೆ. "ನೀರಿಗೆ ಕೈ ಹಾಕಿದರೆ ಒಮ್ಮೊಮ್ಮೆ ಬೆರಳು ಜುಮ್ ಅನ್ನುತ್ತೆ ಅಪ್ಪಾ, ಗಾಯ ಆಗಿರೋ ಬೆರಳಿಗೆ ಮಾತ್ರ." ಅದರ ಹಿಂದೆಯೇ ಇನ್ನೊಂದು ಮಾತು: ನಿನ್ನ ಆಮೆ ಗುಂಡ ಈಗ ನೀರಿಗೆ ಇಳಿಯುವುದೇ ಇಲ್ಲ, ಇಡೀ ದಿನ ಇಟ್ಟಿಗೆ ಮೇಲೇ ಕೂತಿರುತ್ತೆ. ಇವೆರಡನ್ನೂ ಕೂಡಿಸಿ ನೋಡಲು ನಿನಗೆ ಯಾಕೆ ತೋಚಲಿಲ್ಲ? ನೀರು ತಣ್ಣಗಾದರೂ, ಶೀತ ಆದರೂ ಆಮೆ ಹಾಗೆ ಮೇಲೆ ಕೂರುತ್ತದಂತೆ. ಅದನ್ನು ಪಶುವೈದ್ಯರು ನೋಡಲಿ. ನನಗೆ ಗೊತ್ತಿರುವ ಕಾರಣ ಒಂದೇ. ನಿನ್ನ ನೀರಿನಲ್ಲಿ ಕರೆಂಟ್ ಇದೆ.

ಎದುರುಮನೆ ಮಾಮನ ವಿಷಯ ನಾನಿಲ್ಲಿ ಬರೆಯುವುದಿಲ್ಲ. ಆ ಮಳೆಗಾಲ ನಿನಗೂ ನೆನಪಿದೆ. ಆದರೆ ಒಂದು ಮಾತು. ಎಷ್ಟೋ ಸಲ ಮೊದಲ ದಿನವೇ ಜೋರಾಗಿ ಹೊಡೆಯುವುದಿಲ್ಲ ಪುಟ್ಟಿ. ಲೈನ್‌ಮನ್ ಆಗಿ ಎಷ್ಟು ಮನೆಗೆ ಹೋಗಿದ್ದೇನೆ, ಎಲ್ಲ ಕಡೆ ಇದೇ ಮಾತು. ನಲ್ಲಿ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತಿತ್ತು, ವಾಷಿಂಗ್ ಮಷೀನ್ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತಿತ್ತು, ರಿಪೇರಿ ಮಾಡಿಸೋಣ ಅಂತಲೇ ಇದ್ದೆವು. ನಾನು ಹೋಗುವ ಹೊತ್ತಿಗೆ ಅಂಗಳದಲ್ಲಿ ಜನ ಸೇರಿರುತ್ತಿದ್ದರು. ಭಾನುವಾರ ನೀನು ನಗುತ್ತಾ ಹೇಳುವಾಗ ನನಗೆ ನಿನ್ನ ಮುಖ ಕಾಣಲಿಲ್ಲ. ಸ್ಕ್ರೀನಿನ ಎಡಗಡೆ ಮೂಲೆಯಲ್ಲಿ ನೆಲದ ಮೇಲೆ ಬಿದ್ದಿದ್ದ ಆ ಬಿಳಿ ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಕಂಡಿತು. ಹೀಟರ್, ಫಿಲ್ಟರ್, ಎರಡು ಬಲ್ಬ್, ನಿನ್ನ ಫೋನಿನ ಚಾರ್ಜರ್, ಎಲ್ಲ ಅದಕ್ಕೇ. ಕೊಳದಿಂದ ಒಂದು ಗೇಣು ದೂರ. ಆಮೆ ರೆಕ್ಕೆ ಬಡಿದಂತೆ ಕೈಕಾಲು ಬಡಿಯುವ ಪ್ರಾಣಿ, ನೀರು ಅಲ್ಲಿಗೆ ಸಿಡಿಯದೆ ಇರುತ್ತಾ?

ಎಂಸಿಬಿ ಇದೆಯಲ್ಲಪ್ಪಾ ಅಂದೆ. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದಾಗ ತಾನಾಗಿ ಬೀಳುವ ಸ್ವಿಚ್ಚು, ಅದು ವೈರನ್ನು ಕಾಪಾಡುತ್ತದೆ, ಮನುಷ್ಯರನ್ನಲ್ಲ. 16 ಆಂಪಿಯರ್‌ದು 16 ದಾಟಿದರೆ ಬೀಳುವುದು. ಎದೆ ನಿಲ್ಲಿಸಲು ಅದರ ನೂರರಲ್ಲಿ ಒಂದು ಪಾಲೂ ಬೇಕಾಗಿಲ್ಲ. ನಿನ್ನ ಮನೆಗೆ ಬೇಕಾಗಿರುವುದು ಆರ್‌ಸಿಸಿಬಿ, 30 ಮಿಲಿ ಆಂಪಿಯರ್‌ದು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಲೆಕ್ಕ ನೋಡುತ್ತಲೇ ಇರುತ್ತದೆ. ಅಷ್ಟು ಚೂರು ಬೇರೆ ದಾರಿಯಲ್ಲಿ ಹೋದರೂ, ಅಂದರೆ ನಿನ್ನ ಬೆರಳಿನ ದಾರಿಯಲ್ಲಿ ಹೋದರೂ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಬಿಡಿಸುತ್ತದೆ. ಒಂದು ತೆಗೆದುಕೊಂಡಿದ್ದೇನೆ. ಅದರ ಮೇಲೆ ಟೆಸ್ಟ್ ಅಂತ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತುತ್ತೀಯಾ? ನನಗಂತೂ ಅನುಮಾನ.

ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿನ ವಿಷಯ ಬೇರೆ. ಹಳೇ ಬಾಡಿಗೆ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ಎಷ್ಟೋ ಸಲ ವೈರೇ ಇರುವುದಿಲ್ಲ. ಮೂರು ಪಿನ್ ಹಾಕಿದ್ದೀನಿ ಅಂತ ನಾವು ನೆಮ್ಮದಿಯಾಗಿರುತ್ತೇವೆ. ಹೀಟರಿನ ಗಾಜು ಬಿರುಕು ಬಿಟ್ಟಿದೆಯಾ ನೋಡು, ಪ್ಲಗ್ ಕಿತ್ತ ಮೇಲೆ ನೋಡು. ನೀರು ಬದಲಿಸುವಾಗ ಅದನ್ನು ಆರಿಸದೆ ನೀರು ತೆಗೆದರೆ ಗಾಜು ಕಾದು ಒಡೆಯುತ್ತದೆ. ಆಮೆ ಗುದ್ದಿದರೂ ಒಡೆಯುತ್ತದೆ, ಸುತ್ತ ಪ್ಲಾಸ್ಟಿಕ್ ಜಾಲರಿ ಹಾಕಬೇಕು. ಬಲ್ಬನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದೀಯ, ಅದು ಜಾರಿ ನೀರಿಗೆ ಬಿದ್ದರೆ? ಸರಪಳಿ ಹಾಕಿ ಮೇಲಿಂದ ತೂಗುಬಿಡಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು. ಆಗ ವೈರಿನ ಮೇಲೆ ಹರಿದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಆ ಬಿಳಿ ಬಾಕ್ಸ್ ಗೋಡೆಗೆ, ಸೊಂಟದೆತ್ತರಕ್ಕೆ. ನೆಲದ ಮೇಲಂತೂ ಬೇಡವೇ ಬೇಡ.

ಮತ್ತೆ ಬಾಕ್ಸಿಗೇ ಬಂದೆ ನೋಡು. ನಿಮ್ಮಮ್ಮ ಪಕ್ಕದಲ್ಲಿ ಕೂತು "ಮಗಳಿಗೆ ಕಾಗದ ಬರೀತಿದ್ದೀರೋ, ಇಲಾಖೆಗೆ ರಿಪೋರ್ಟ್ ಬರೀತಿದ್ದೀರೋ" ಅಂತ ಕೇಳುತ್ತಿದ್ದಾಳೆ.

ಆಮೆ ಬೇಡ ಅಂತ ನಾನು ಹೇಳುತ್ತಿಲ್ಲ. ಭಾನುವಾರದಿಂದ ಫೋನಿನಲ್ಲಿ ಇದನ್ನೇ ಓದುತ್ತಿದ್ದೇನೆ. ನಿನ್ನವು ಕೆಂಪು ಕಿವಿಯವು, ಅಮೆರಿಕದ ಮಿಸಿಸಿಪ್ಪಿ ನದಿ ಕಡೆಯವು. ಸದ್ಯ, ನಮ್ಮ ಕೆರೆ ಆಮೆಯನ್ನೋ ನಕ್ಷತ್ರ ಆಮೆಯನ್ನೋ ತಂದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಅಂಗಡಿಯವನು ಇಷ್ಟೇ ಇರುತ್ತವೆ ಅಂತ ರೂಪಾಯಿ ನಾಣ್ಯದಷ್ಟಿದ್ದಾಗ ಮಾರಿದ. ಹೆಣ್ಣಾದರೆ ಚಿಪ್ಪೇ ಒಂದಡಿ ಹತ್ತಿರ ಬೆಳೆಯಬಹುದು. ಅಂದ ಹಾಗೆ ಮುಂಗಾಲಿನ ಉಗುರು ಉದ್ದ ಇದ್ದರೆ ಗಂಡಂತೆ, ನಿನ್ನ ಗುಂಡನ ಉಗುರು ಗಿಡ್ಡ. ಹೆಸರು ಬದಲಿಸಬೇಕಾಗುತ್ತದೆ. ಗಂಡಿಲ್ಲದಿದ್ದರೂ ಮೊಟ್ಟೆ ಇಡುತ್ತದೆ, ಅದಕ್ಕೆ ಅಗೆಯಲು ಮಣ್ಣಿರುವ ಜಾಗ ಬೇಕು. ಕೊಳದ ಪಕ್ಕದಲ್ಲಿ ಒಂದು ಮಣ್ಣಿನ ಪೆಟ್ಟಿಗೆ ಯೋಚನೆ ಮಾಡು.

ಬಲ್ಬಿನ ವಿಷಯದಲ್ಲಿ ಮಾತ್ರ ನೀನು ನನಗೇ ಪಾಠ ಹೇಳಿದೆ. ಕಿಟಕಿ ಗಾಜಿನಿಂದ ಬಿಸಿಲು ಬರುತ್ತದಲ್ಲ ಅಂತ ನಾನು ಅಂದರೆ, ಗಾಜು ಬಿಸಿಲಿನ ಯುವಿಬಿ ಕಿರಣವನ್ನು ತಡೆಯುತ್ತದೆ, ಅದಿಲ್ಲದಿದ್ದರೆ ಕ್ಯಾಲ್ಸಿಯಂ ಹಿಡಿಯದೆ ಚಿಪ್ಪು ಮೆತ್ತಗಾಗುತ್ತದೆ ಅಂದೆ. ಸರಿಯಾಗಿಯೇ ಹೇಳಿದ್ದೀಯ. ಆ ಕಿರಣ ಕೊಡುವ ಬಲ್ಬು ಉರಿಯುತ್ತಿದ್ದರೂ ಅದರ ಯುವಿಬಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದಂತೆ. ಇಷ್ಟು ವರ್ಷ ಬಲ್ಬು ಹಾಕಿದ ನನಗೆ ಇದು ಹೊಸದು.

ಭಾರದ ಲೆಕ್ಕವನ್ನೂ ಹಾಕಿದೆ. ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ, ನೀರು ಒಂದೂವರೆ ಅಡಿ. 425 ಲೀಟರ್, ಅಂದರೆ 425 ಕೆ.ಜಿ. ಆರೇಳು ಜನ ಒಂದೇ ಕಡೆ ಹಗಲೂ ರಾತ್ರಿ ನಿಂತ ಹಾಗೆ. ಮನೆ ಮಹಡಿಗಳಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಲೆಕ್ಕ ಹಿಡಿಯುತ್ತಾರೆ. ಹಾಲಿನ ನಡುವೆ ಬೇಡ, ಕೆಳಗೆ ತೊಲೆ ಇರುವ ಗೋಡೆ ಪಕ್ಕಕ್ಕೆ ಸರಿಸಬೇಕು. ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕೇಳುತ್ತೇನೆ. ಅಲ್ಲಿಯವರೆಗೆ ಅರ್ಧ ನೀರು ಇಳಿಸು.

ಇನ್ನೊಂದು. ಇವು 30 ವರ್ಷ ಬದುಕುತ್ತವೆ. ನಿನಗೆ ಮದುವೆ ಆಗಬಹುದು, ಆಗದಿರಬಹುದು, ಅದು ನಿನ್ನಿಷ್ಟ. ಬೇರೆ ಊರಿಗೆ ಕೆಲಸ ಸಿಗಬಹುದು. ಆಗ ಸಾಕಾಯಿತು ಅಂತ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡಬೇಡ. ಇವು ಬಿಸಿಲು ಕಾಯುವ ಜಾಗದಿಂದ ನಮ್ಮ ಆಮೆಗಳನ್ನೇ ತಳ್ಳುತ್ತವೆ. ಯುರೋಪಿನವರು 1997ರಲ್ಲೇ ಇವನ್ನು ತರಿಸುವುದು ನಿಲ್ಲಿಸಿದರು. ನಿನಗೆ ಆಗದಿದ್ದರೆ ಇಲ್ಲಿಗೆ ತಂದು ಬಿಡು, ಹಿತ್ತಲಲ್ಲಿ ಸುತ್ತ ಕಟ್ಟೆ ಕಟ್ಟಿ ತೊಟ್ಟಿ ಮಾಡೋಣ. ನಾನು ಇರುವಷ್ಟು ದಿನ ನೋಡಿಕೊಳ್ಳುತ್ತೇನೆ. ಮತ್ತೆ ಫಿಲ್ಟರನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯುತ್ತೀಯಂತೆ! ಆಮೆಯಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಅನ್ನುವ ಭೇದಿ ತರುವ ಬ್ಯಾಕ್ಟೀರಿಯಾ ಅಂಟುತ್ತದೆ ಅಂತ ಅಮೆರಿಕದಲ್ಲಿ 1975ರಿಂದ ನಾಲ್ಕಿಂಚಿಗಿಂತ ಚಿಕ್ಕ ಆಮೆ ಮಾರುವ ಹಾಗಿಲ್ಲ. ಬಚ್ಚಲಲ್ಲಿ ತೊಳಿ, ಸೋಪು ಹಾಕಿ ಕೈ ತೊಳಿ.

ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ. ಇರಲಿ.

ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಬೇಡ ಅನ್ನಬೇಡ. ಈ ಕಾಗದವನ್ನು ಕೊರಿಯರ್‌ನವರು ಶನಿವಾರವೇ ತಲುಪಿಸುತ್ತೇವೆ ಅಂದಿದ್ದಾರೆ. ಎಂಸಿಬಿ ಇರುವ ಡಿಬಿ ಬಾಕ್ಸ್ ಬಿಚ್ಚುತ್ತೇವೆ, ಒಂದು ಗಂಟೆ ಕರೆಂಟ್ ಇರುವುದಿಲ್ಲ ಅಂತ ಮನೆ ಓನರ್‌ಗೆ ಮೊದಲೇ ಹೇಳಿಡು. ಗಟ್ಟಿ ಸ್ಟೂಲ್ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳು. ಕೆಲಸ ಮಾಡುವಾಗ ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಟಾರ್ಚ್ ಹಿಡಿದರೆ ಸಾಕು.

ನಿನ್ನ
ಅಪ್ಪ

ತಾ.ಕ.: ಅಮ್ಮ ಹಲಸಿನ ಹಪ್ಪಳ ಕಳಿಸುತ್ತಿದ್ದಾಳೆ. ಆಮೆಗೆ ಹಾಕಬೇಡ, ಉಪ್ಪಿರುತ್ತದೆ.