ತಮ್ಮ ಸತ್ತರೆ ಅಕ್ಕನಿಗೆ ನಷ್ಟವಿಲ್ಲವೇ?

ಮಾನ್ಯ ಸಂಪಾದಕರೇ,

ನಾನು ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ಮೇಲ್ವಿಚಾರಕಿಯಾಗಿದ್ದವಳು. ಬೆಳಿಗ್ಗೆ ಬಾಗಿಲು ತೆಗೆದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವುದು ದಿನದ ಮೊದಲ ಕೆಲಸ. ಮುಂಗಾರು ಹಿಡಿಯಿತೆಂದರೆ ಒಳಪುಟದ ಮೂಲೆಯಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತಿತ್ತು: ವಿದ್ಯುತ್ ತಂತಿ ತುಳಿದು ರೈತ ಸಾವು. ಊರು, ವಯಸ್ಸು, ಪೊಲೀಸ್ ಠಾಣೆಯ ಹೆಸರು, ಎಲ್ಲ ಸೇರಿ ನಾಲ್ಕು ಸಾಲು. ಮೂರು ವರ್ಷದ ಹಿಂದೆ ಆ ನಾಲ್ಕು ಸಾಲಿನಲ್ಲಿ ನನ್ನ ತಮ್ಮನಿದ್ದ. ವಯಸ್ಸು 41 ಎಂದು ಅಚ್ಚಾಗಿತ್ತು. ಅವನಿಗೆ 38.

ನಮ್ಮಲ್ಲಿ ಆಗ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುತ್ತಿದ್ದದ್ದು ರಾತ್ರಿ ಹೊತ್ತು. ಬೆಳಗಿನ ಜಾವ ಮೂರೂವರೆಗೆ ಮೋಟಾರು ಹಾಕಲೆಂದು ಹೊರಟ. ಸಂಜೆ ಗಾಳಿ ಮಳೆ ಆಗಿತ್ತು, ತಂತಿ ಹರಿದು ಬದುವಿನ ಮೇಲೆ ಬಿದ್ದಿತ್ತು. ಪಕ್ಕದ ಹೊಲದವರು ಓಡಿಹೋಗಿ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್‌ನ) ಫ್ಯೂಸ್ ಕಿತ್ತ ಮೇಲಷ್ಟೇ ಅವನ ಹತ್ತಿರ ಹೋಗಲು ಸಾಧ್ಯವಾಯಿತು. ಅಂದರೆ ನೆಲಕ್ಕೆ ಬಿದ್ದ ತಂತಿಯಲ್ಲಿ ಅಷ್ಟು ಹೊತ್ತೂ ಕರೆಂಟ್ ಹರಿಯುತ್ತಲೇ ಇತ್ತು.

ಆ ತಂತಿ ಜೋತುಬಿದ್ದಿದೆ, ಕಂಬ ವಾಲಿದೆ ಎಂದು ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ನಾವು ಎರಡು ಅರ್ಜಿ ಕೊಟ್ಟಿದ್ದೆವು. ಎರಡನ್ನೂ ಬರೆದವಳು ನಾನೇ. ಮೇವಿನ ಗಾಡಿಯ ಮೇಲೆ ನಿಂತರೆ ಕೈಗೆಟುಕುತ್ತದೆ ಎಂದು ಮೊದಲನೆಯದರಲ್ಲೇ ತಿಳಿಸಿದ್ದೆ. ಹೊಲಗಳ ಮೇಲೆ ಹಾದುಹೋಗುವ ಇಂಥ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿರಬೇಕು ಎಂಬುದು ಸುರಕ್ಷತಾ ನಿಯಮ ಎಂದು ಆಗ ನನಗೆ ಗೊತ್ತಿರಲಿಲ್ಲ. ಅರ್ಜಿ ತೆಗೆದುಕೊಂಡವರಿಗೆ ಗೊತ್ತಿರಬೇಕಾಗಿತ್ತು. ಹದಿನಾಲ್ಕು ತಿಂಗಳು ಯಾರೂ ಬರಲಿಲ್ಲ. ತಮ್ಮನ ಶವ ಮರಣೋತ್ತರ ಪರೀಕ್ಷೆ ಮುಗಿದು ಮನೆಗೆ ಬರುವ ಹೊತ್ತಿಗೆ ಎರಡು ಕಂಬ ನೆಟ್ಟಗಾಗಿದ್ದವು, ಹೊಸ ತಂತಿ ಎಳೆದಾಗಿತ್ತು. ಅರ್ಧ ದಿನದ ಕೆಲಸ.

ಅಮಾನತಾದವನು ಲೈನ್‌ಮನ್. ಏಳು ಹಳ್ಳಿಗೆ ಅವನೊಬ್ಬನೇ. ಒಂದು ಸಂಜೆ ಮನೆಗೆ ಬಂದು ಹೊಸ್ತಿಲಾಚೆಯೇ ನಿಂತು ಅತ್ತ. ತಂತಿ ಬದಲಿಸಬೇಕೆಂದು ತಾನೂ ಬರೆದುಕೊಟ್ಟಿದ್ದೆ, ಸಾಮಗ್ರಿ ಮಂಜೂರಾಗಲಿಲ್ಲ ಎಂದ. ನನಗೆ ಅವನ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ನನ್ನ ಎರಡು ಅರ್ಜಿ, ಅವನ ಒಂದು ಟಿಪ್ಪಣಿ ಇಷ್ಟೂ ಕೈಗೆ ಬಂದ ಮೇಲೂ ಸುಮ್ಮನೆ ಕುಳಿತ ಕಚೇರಿಯ ಮೇಲೆ. ಆ ಕಚೇರಿಯ ಯಾರ ಹೆಸರೂ ಪೊಲೀಸರ ಕಡತದಲ್ಲಿಲ್ಲ. ಅಲ್ಲಿರುವುದು ಅಸ್ವಾಭಾವಿಕ ಸಾವು ಎಂಬ ಎರಡು ಪದ. ವಿದ್ಯುತ್ ಪರಿವೀಕ್ಷಕರು ಬಂದು ತನಿಖೆ ಮಾಡಿದ್ದರು. ಆ ವರದಿಯ ಪ್ರತಿ ಪಡೆಯಲು ಮಾಹಿತಿ ಹಕ್ಕಿನಡಿ ಅರ್ಜಿ, ಅದರ ಮೇಲೊಂದು ಮೇಲ್ಮನವಿ, ಐದು ತಿಂಗಳು ಬೇಕಾಯಿತು. ಸತ್ತವನ ಮನೆಗೆ ಅದನ್ನು ತಾವಾಗಿಯೇ ಕಳುಹಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲವಲ್ಲ, ಆ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ವಕೀಲರ ಬಳಿ ಹೋದಾಗ ಅವರು ಮೊದಲು ಕೇಳಿದ್ದು, ತಮ್ಮನಿಗೆ ಹೆಂಡತಿ ಮಕ್ಕಳಿದ್ದಾರೆಯೇ? ಮದುವೆಯಾಗಿರಲಿಲ್ಲ. ತಂದೆ ತಾಯಿ? ಇಬ್ಬರೂ ಇಲ್ಲ. ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಉಣಿಸಿ, ಓದಿಸಿ ದೊಡ್ಡವನನ್ನಾಗಿ ಮಾಡಿದವಳು ನಾನು. ಮುಂದೆ ಗ್ರಂಥಾಲಯದ ಗೌರವಧನ ಸಾಲದಿದ್ದಾಗ ಮನೆ ನಡೆಸಿದವನು ಅವನು. ವಕೀಲರು ಎಲ್ಲ ಕೇಳಿಸಿಕೊಂಡು 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯನ್ನು ನನ್ನ ಮುಂದಿಟ್ಟರು. ಅನ್ಯರ ತಪ್ಪಿನಿಂದ ಒಬ್ಬರು ಸತ್ತರೆ ಅವರ ಹೆಂಡತಿ ಅಥವಾ ಗಂಡ, ತಂದೆ ತಾಯಿ, ಮಕ್ಕಳು, ಇವರಿಗಾಗಿ ನಷ್ಟ ಪರಿಹಾರ ಕೇಳಬಹುದು. ಅಜ್ಜ, ಅಜ್ಜಿ, ಮೊಮ್ಮಕ್ಕಳು, ಮಲಮಕ್ಕಳು ಕೂಡ ಸೇರುತ್ತಾರೆ. ಅಕ್ಕ, ತಂಗಿ, ಅಣ್ಣ, ತಮ್ಮ ಸೇರುವುದಿಲ್ಲ.

ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿದ್ದು 1902ರಲ್ಲಿ. ನನ್ನ ತಮ್ಮನ ಸಾವಿಗೆ ಅನ್ವಯವಾಗುವ ಕಾಯ್ದೆ ಅದಕ್ಕಿಂತ 47 ವರ್ಷ ಹಳೆಯದು. ಇಂಗ್ಲೆಂಡಿನ 1846ರ ಕಾನೂನನ್ನು ನೋಡಿ ಬ್ರಿಟಿಷರು ಇಲ್ಲಿಗೆ ತಂದದ್ದು. ಅವರ ದೇಶದಲ್ಲಿ ಈಗಿರುವುದು 1976ರ ಕಾಯ್ದೆ. ಅದರಲ್ಲಿ ಸತ್ತವರನ್ನು ಅವಲಂಬಿಸಿದ್ದ ಸೋದರ ಸೋದರಿಯರಿಗೂ ಜಾಗವಿದೆ. ನಮ್ಮ ಕಾನೂನು ಆಯೋಗ 1985ರಲ್ಲಿ ತನ್ನ 111ನೇ ವರದಿಯನ್ನು ಈ ಕಾಯ್ದೆಯ ಬಗ್ಗೆಯೇ ಕೊಟ್ಟಿತು. ಆಮೇಲೂ ಅಕ್ಕ ತಂಗಿಯರು ಹೊರಗೇ ಉಳಿದಿದ್ದೇವೆ.

ಇದೇ ನನ್ನ ತಮ್ಮ ರಸ್ತೆಯಲ್ಲಿ ಬಸ್ಸಿಗೆ ಸಿಕ್ಕಿ ಸತ್ತಿದ್ದರೆ ನಾನು ಅರ್ಜಿ ಹಾಕಬಹುದಿತ್ತು. ಗುಜರಾತಿನ ಸಾರಿಗೆ ಸಂಸ್ಥೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ಅದನ್ನು ತೀರ್ಮಾನಿಸಿದೆ. ಸತ್ತವನು ಹದಿನಾಲ್ಕು ವರ್ಷದ ಹುಡುಗ, ಕೇಳಿದವರು ಅವನ ಸೋದರರು. ಭಾರತದ ಕುಟುಂಬಗಳಲ್ಲಿ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಒಟ್ಟಿಗೆ ಬದುಕುತ್ತಾರೆ, ದುಡಿಯುವವನನ್ನು ನಂಬಿರುತ್ತಾರೆ, 1855ರ ಕಾಯ್ದೆಯ ಪಟ್ಟಿ ಹಿಡಿದು ಅವರನ್ನು ವಾಪಸು ಕಳುಹಿಸಬಾರದು ಎಂಬುದು ಆ ತೀರ್ಪಿನ ಸಾರ. ಆದರೆ ಅದು ಮೋಟಾರು ವಾಹನ ಕಾಯ್ದೆಗೆ ಸಂಬಂಧಿಸಿದ ಮಾತು. ಹೊಲದಲ್ಲಿ, ಆಸ್ಪತ್ರೆಯಲ್ಲಿ, ಕುಸಿದ ಗೋಡೆಯಡಿಯಲ್ಲಿ ಸತ್ತವರ ಮನೆಯವರು ಹಳೆಯ ಪಟ್ಟಿಯನ್ನೇ ನೋಡಬೇಕು.

ಪರಿಹಾರ ಕೇಳುವ ದಾರಿಯಲ್ಲೂ ಇಂಥದೇ ವ್ಯತ್ಯಾಸ. ರಸ್ತೆ ಅಪಘಾತಕ್ಕೆ ಪ್ರತ್ಯೇಕ ನ್ಯಾಯಮಂಡಳಿಯಿದೆ, ನಾವಿರುವ ಕಡೆಯೇ ಅರ್ಜಿ ಹಾಕಬಹುದು, ಪೊಲೀಸರೇ ಅಲ್ಲಿಗೆ ವರದಿ ಕಳುಹಿಸಬೇಕು. ನಮಗಿರುವುದು ಸಿವಿಲ್ ದಾವೆ. ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ. ಸತ್ತ ದಿನದಿಂದ ಎರಡೇ ವರ್ಷದ ಕಾಲಮಿತಿ. ಅದರಲ್ಲಿ ಐದು ತಿಂಗಳನ್ನು ಒಂದು ವರದಿಯೇ ತಿಂದಿತ್ತು.

ವಿದ್ಯುತ್ತಿನಂಥ ಅಪಾಯದ ವಸ್ತುವನ್ನು ಸರಬರಾಜು ಮಾಡುವವರು ತಮ್ಮ ತಪ್ಪಿಲ್ಲವೆಂದು ಹೇಳಿ ಜಾರಿಕೊಳ್ಳುವಂತಿಲ್ಲ ಎಂದು ಮಧ್ಯಪ್ರದೇಶದ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಅಲ್ಲಿ ಸತ್ತದ್ದು ಕೆಲಸ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಹೊರಟಿದ್ದ ಕಾರ್ಮಿಕ. ಮಳೆನೀರು ನಿಂತ ರಸ್ತೆಯಲ್ಲಿ ತಂತಿ ಬಿದ್ದಿತ್ತು. ಆ ತೀರ್ಪನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹೊಣೆ ಯಾರದೆಂದು ನ್ಯಾಯಾಲಯ ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ, ಕೇಳುವ ಹಕ್ಕು ಯಾರಿಗೆ ಎಂಬಲ್ಲೇ ನಾನು ನಿಂತುಬಿಟ್ಟೆ. ತಮ್ಮನ ಆಸ್ತಿಗೆ ಆದ ನಷ್ಟ, ಅಂದರೆ ಬದುಕಿದ್ದರೆ ಅವನು ಕೂಡಿಡುತ್ತಿದ್ದ ದುಡಿಮೆ ಹೋದ ನಷ್ಟ, ಎಂಬ ನೆಲೆಯಲ್ಲಿ ಪ್ರಯತ್ನಿಸೋಣ ಎಂದು ವಕೀಲರು ಕಾಲಮಿತಿಯ ಕೊನೆಯ ತಿಂಗಳಲ್ಲಿ ದಾವೆ ಹೂಡಿದ್ದಾರೆ. ಭರವಸೆಯನ್ನೇನೂ ಕೊಟ್ಟಿಲ್ಲ.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತರು. ಅಲ್ಲೂ ಬೆಂಕಿಯ ಮೂಲ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್. ರಾಜಧಾನಿಯಲ್ಲಿದ್ದು, ಸಂಘ ಕಟ್ಟಿಕೊಂಡು ಹೋರಾಡಿದ ಆ ತಂದೆ ತಾಯಂದಿರ ಪರಿಹಾರದ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 2011ರಲ್ಲಿ. ಹೈಕೋರ್ಟ್ ಕೊಟ್ಟಿದ್ದ ಮೊತ್ತವೂ ಅಲ್ಲಿ ಕಡಿಮೆಯಾಯಿತು. ಹಳ್ಳಿಯ ಒಂಟಿ ಮನೆಯವರು ಎಷ್ಟು ವರ್ಷ ಕಾಯಬೇಕು?

ನಮ್ಮ ಶಾಸಕರಲ್ಲಿ ಕೇಳುತ್ತೇನೆ. ಈ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ; ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯವೇ ತಿದ್ದುಪಡಿ ತರಬಹುದು. ಸತ್ತವರನ್ನು ನಂಬಿ ಬದುಕಿದ್ದವರೆಲ್ಲ ಪಟ್ಟಿಗೆ ಸೇರಲಿ. ಸಂಸ್ಥೆಗಳ ನಿರ್ಲಕ್ಷ್ಯದಿಂದಾದ ಸಾವುಗಳಿಗೂ ಜಿಲ್ಲೆಗೊಂದು ನ್ಯಾಯಮಂಡಳಿ ಇರಲಿ. ಪರಿವೀಕ್ಷಕರ ವರದಿ, ಹಿಂದೆ ಬಂದ ದೂರುಗಳ ಪ್ರತಿ, ಎರಡೂ ಮೂವತ್ತು ದಿನದೊಳಗೆ ಮನೆಬಾಗಿಲಿಗೆ ಬರಲಿ.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಈ ಮಳೆಗಾಲದಲ್ಲಿ ಮತ್ತೆ ಆ ನಾಲ್ಕು ಸಾಲು ಬರೆಯಬೇಕಾಗಿ ಬಂದರೆ, ತಂತಿಯ ಬಗ್ಗೆ ಮೊದಲೇ ದೂರು ಕೊಟ್ಟಿದ್ದಿರಾ ಎಂದು ಮನೆಯವರನ್ನು ಕೇಳಿ ಐದನೆಯ ಸಾಲು ಬರೆಯಿರಿ. ಮೊಹರು ಒತ್ತಿದ ಎರಡು ಸ್ವೀಕೃತಿ ಅಂದು ನಮ್ಮ ಗೂಡಿನಲ್ಲೇ ಇದ್ದವು. ಯಾರೂ ಕೇಳಲಿಲ್ಲ.

ಇಂತಿ,
ನಿವೃತ್ತ ಗ್ರಂಥಾಲಯ ಮೇಲ್ವಿಚಾರಕಿ
(ದಾವೆ ನಡೆಯುತ್ತಿರುವುದರಿಂದ ಹೆಸರು, ಊರು ಪ್ರಕಟಿಸಬಾರದಾಗಿ ವಿನಂತಿ)