ಸಾಯಬಾರದ್ದು ಯಾವುದು? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. "ಇನ್ನ ಇಪ್ಪತ್ತ್ ಮೂವತ್ತ್ ವರ್ಷಕ್ಕ ಸಾವ ಇರೂದಿಲ್ಲಂತಲ್ಲೋ, ಖರೇನು?" ಅಂತ ಕೇಳಿದ್ದೀ. ಜೊತೆಗೆ ಟೆಲೊಮಿಯರ್ (ನಮ್ಮ ಕೋಶದೊಳಗಿನ ಡಿಎನ್‌ಎಯ ತುದಿ, ಮುಂದೆ ಹೇಳುತ್ತೇನೆ) ಉದ್ದ ಮಾಡುತ್ತದೆ ಅನ್ನುವ ಗುಳಿಗೆಯ ಜಾಹೀರಾತನ್ನೂ ಕಳಿಸಿದ್ದೀ. ಖರೆ ಅಲ್ಲ. ಆದರೆ ಯಾಕೆ ಅಲ್ಲ ಅನ್ನುವುದು ಭಾಳ ಚಂದದ ವಿಷಯ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಮುಪ್ಪು ಬೇರೆ, ಸಾವು ಬೇರೆ. 1825ರಲ್ಲಿ ಬೆಂಜಮಿನ್ ಗಾಂಪರ್ಟ್ಜ್ ಎಂಬ ಇಂಗ್ಲೆಂಡಿನ ಗಣಿತಜ್ಞ ಮರಣದ ಪಟ್ಟಿಗಳನ್ನು ಕೂತು ಲೆಕ್ಕ ಹಾಕಿದ. ಹರೆಯ ದಾಟಿದ ಮೇಲೆ ಸಾಯುವ ಸಂಭವ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಸರಿಸುಮಾರು 8 ವರ್ಷಕ್ಕೊಮ್ಮೆ ದುಪ್ಪಟ್ಟು. ಮುಪ್ಪು ಅಂದರೆ ಈ ದುಪ್ಪಟ್ಟಾಗುವಿಕೆಯೇ. ನಾಳೆ ಯಾರೋ ಅದನ್ನು ನಿಲ್ಲಿಸಿಯೇಬಿಟ್ಟರು, ಎಲ್ಲರೂ ಇಪ್ಪತ್ತೈದರಲ್ಲೇ ಉಳಿದೆವು, ವರ್ಷಕ್ಕೆ ಸಾವಿರಕ್ಕೆ ಒಬ್ಬರು ಮಾತ್ರ ಲಾರಿಗೋ, ಹಾವಿಗೋ, ಜ್ವರಕ್ಕೋ ಹೋಗುತ್ತಾರೆ ಅಂತ ಇಟ್ಟುಕೋ. ಆಗಲೂ ಸುಮಾರು 693 ವರ್ಷಕ್ಕೆ ಅರ್ಧ ಜನ ಇರುವುದಿಲ್ಲ. ಹತ್ತು ಸಾವಿರ ವರ್ಷಕ್ಕೆ ಲಕ್ಷದಲ್ಲಿ ಉಳಿಯುವವರು ನಾಲ್ಕೈದು ಜನ. ಮುಪ್ಪನ್ನು ಗೆದ್ದರೂ ಅದು ದೀರ್ಘಾಯುಷ್ಯ, ಅಮರತ್ವ ಅಲ್ಲ.

ಇದರ ತಿರುವುಮುರುವು ಪುರಾಣಕಾರರಿಗೆ ಗೊತ್ತಿತ್ತು. ಗ್ರೀಕರ ಉಷಾದೇವಿ ತನ್ನ ಪ್ರಿಯಕರ ಟಿಥೋನಸ್‌ಗೆ ಸಾವಿಲ್ಲದ ವರ ಬೇಡಿದಳು, ಹರೆಯ ಬೇಡುವುದನ್ನು ಮರೆತಳು. ಅವನು ಸಾಯದೆ ಮುದುಡುತ್ತಲೇ ಹೋದ. ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನಿಗೆ ಕೃಷ್ಣ ಕೊಟ್ಟದ್ದು ಮೂರು ಸಾವಿರ ವರ್ಷದ ಬದುಕು; ರಕ್ತ ಕೀವು ನಾರುತ್ತ, ಮಾತಾಡಿಸುವವರಿಲ್ಲದೆ ಅಲೆಯುವ ಬದುಕು. ಬದುಕು ಉದ್ದ ಆದದ್ದೇ ಅವನಿಗೆ ಶಾಪ. ಚಿರಂಜೀವಿಗಳ ಪಟ್ಟಿಯಲ್ಲಿ ಮೊದಲ ಹೆಸರೇ ಅವನದು ಅನ್ನುವುದನ್ನು ನಾವು ಸಾಕಷ್ಟು ಗಮನಿಸುವುದಿಲ್ಲ.

ಹಾಗಾದರೆ ಉಳಿಸಬೇಕಾದದ್ದು ಏನು, ಮೈಯೋ, ಹೆಸರೋ, 'ನಾನು' ಅನ್ನುವುದೋ? ನಮ್ಮ ಕಡೆಯ ಹಳೆಯ ಉತ್ತರ ಕಲ್ಲಿನಲ್ಲಿದೆ. ಹಾವೇರಿಯ ಸಿದ್ಧೇಶ್ವರ ಗುಡಿಗೆ ಹೋದಾಗ ಅಲ್ಲಿಯ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದು. ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ಅದು ತುರುಗೋಳು, ಅಂದರೆ ದನ ಅಪಹರಿಸುವ ಕಾಳಗ ಆಗಿದ್ದರೆ ದನಗಳೂ ಇರುತ್ತವೆ. ನಡುವೆ ಅಪ್ಸರೆಯರು ವೀರನನ್ನು ಎರಡೂ ಬದಿ ಹಿಡಿದು ಒಯ್ಯುತ್ತಾರೆ. ಮೇಲೆ ಶಿವಲಿಂಗ, ಅದರ ಮುಂದೆ ಕೈಮುಗಿದು ಕೂತ ವೀರ. ತುದಿಯಲ್ಲಿ ಸೂರ್ಯ ಚಂದ್ರ: ಅವರಿರುವ ತನಕ ಈ ಕೀರ್ತಿ ಇರಲಿ ಅಂತ. ಪಟ್ಟಿಕೆಗಳ ನಡುವಿನ ದಿಂಡಿನ ಮೇಲೆ ಅಕ್ಷರ. ಇಂಥ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಶ್ಲೋಕ "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ": ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದ ಸಾವಿನ ಚಿಂತೆ ಏಕೆ ಅಂತ ಅದರ ಭಾವ. ಮೈ ಹೋಗುವುದೇ ಅಂತ ಒಪ್ಪಿಕೊಂಡು ಹೆಸರು ಉಳಿಸುವ ಏರ್ಪಾಡು ಇದು. ಮಳೆ ಬಿಸಿಲಿಗೆ ಅಕ್ಷರ ಸವೆಯುವುದು ಇದರ ಸಣ್ಣ ದೋಷ. ಕಲ್ಲು ಗಟ್ಟಿಯಾಗಿಯೇ ಇದ್ದರೂ ಹಳೆಯ ಲಿಪಿ ಓದುವವರು ಕಡಿಮೆಯಾದದ್ದು ದೊಡ್ಡ ದೋಷ.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಹಿಡಿದದ್ದು ಬೇರೆ ದಾರಿ. 1007ರಲ್ಲಿ ಬಸದಿ ಕಟ್ಟಿಸಿದವಳು ಕಲ್ಲೊಂದನ್ನೇ ನಂಬಲಿಲ್ಲ. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದು ಅಂತ ಸಾವಿರ ಪ್ರತಿ ಬರೆಸಿ ಹಂಚಿದಳು. ಓಲೆಗರಿಗೆ ಹುಳವೂ ಶತ್ರು, ತೇವವೂ ಶತ್ರು. ಆದರೂ ಕಾವ್ಯ ಉಳಿದಿದೆ, ಯಾಕಂದರೆ ಗರಿ ಹಾಳಾಗುವ ಮೊದಲೇ ಯಾರೋ ಮತ್ತೊಂದು ಪ್ರತಿ ಮಾಡುತ್ತ ಬಂದರು.

ಜೀವವೂ ಹೀಗೆ ಪ್ರತಿ ಮಾಡಿಕೊಂಡೇ ಉಳಿದಿರುವುದು, ಆದರೆ ನಮ್ಮ ಮೈಯ ಕೋಶಗಳಲ್ಲಿ ಒಂದು ತೊಡಕಿದೆ. ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೆ ಎಳೆಯ ಕಟ್ಟಕಡೆಯ ತುದಿ ಬರೆಯಲಾಗುವುದಿಲ್ಲ. ಅದಕ್ಕೇ ಕ್ರೋಮೋಸೋಮಿನ ತುದಿಗೆ ಟಿಟಿಎಜಿಜಿಜಿ ಎಂಬ ಆರಕ್ಷರ ಸಾವಿರಾರು ಸಲ ಬರೆದ ಖಾಲಿ ಅಂಚು ಇದೆ. ಟೆಲೊಮಿಯರ್ ಅಂದರೆ ಅದೇ. ಪ್ರತಿ ವಿಭಜನೆಗೆ ಸುಮಾರು 50ರಿಂದ 100 ಅಕ್ಷರ ಸವೆಯುತ್ತದೆ. ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದಂತೆ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯಕೋಶ ಐವತ್ತರ ಆಸುಪಾಸು ಸಲ ಇಬ್ಭಾಗವಾಗಿ ನಿಂತುಬಿಡುತ್ತದೆ. ಅಂಚನ್ನು ಮತ್ತೆ ಬರೆಯುವ ಟೆಲೊಮರೇಸ್ ಎಂಬ ಕಿಣ್ವವನ್ನು 1984ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಕಂಡುಹಿಡಿದರು. 2009ರಲ್ಲಿ ಜ್ಯಾಕ್ ಶೋಸ್ಟಾಕ್ ಜೊತೆ ನೊಬೆಲ್ ಬಂತು. ನಿನ್ನ ಜಾಹೀರಾತು ಹುಟ್ಟಿದ್ದು ಇಲ್ಲಿಂದ. ಅದು ಹೇಳದೆ ಬಿಟ್ಟ ಮಾತು ಏನಂದರೆ, ಹತ್ತರಲ್ಲಿ ಎಂಟೊಂಬತ್ತು ಕ್ಯಾನ್ಸರುಗಳು ಬೆಳೆಯುವುದು ಇದೇ ಕಿಣ್ವವನ್ನು ಎಬ್ಬಿಸಿಕೊಂಡು.

ಸಾಯದ ಮನುಷ್ಯಕೋಶ ನಿಜವಾಗಿಯೂ ಇದೆ. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳ ಗರ್ಭಕಂಠದ ಗಡ್ಡೆಯಿಂದ, ಆಕೆಯನ್ನು ಒಂದು ಮಾತೂ ಕೇಳದೆ ತೆಗೆದ ಹೀಲಾ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅದೇ ವರ್ಷ ಅಕ್ಟೋಬರಿನಲ್ಲಿ, 31ನೇ ವಯಸ್ಸಿಗೆ ಆಕೆ ತೀರಿಕೊಂಡಳು. ಮನುಷ್ಯರಿಗೆ 46 ಕ್ರೋಮೋಸೋಮ್. ಹೀಲಾದಲ್ಲಿ ಎಂಬತ್ತರ ಹತ್ತಿರ. ಅಮರವಾದದ್ದು ಗಡ್ಡೆ, ಆ ತಾಯಿ ಅಲ್ಲ. ನನಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ.

ಕೋಶಗಳನ್ನು ಎಳೆಯದಾಗಿಸುವ ಯತ್ನಗಳಲ್ಲಿ ಗಂಭೀರವಾದದ್ದು ಶಿನ್ಯಾ ಯಮನಾಕಾ 2006ರಲ್ಲಿ ತೋರಿಸಿದ ನಾಲ್ಕು ಜೀನುಗಳ ದಾರಿ. ಅವು ಚರ್ಮದ ಕೋಶವನ್ನು ಭ್ರೂಣದ ಕೋಶದ ಸ್ಥಿತಿಗೆ ಒಯ್ಯುತ್ತವೆ. ಇಲಿಯ ಮೈಯಲ್ಲಿ ಅವನ್ನು ಬಿಡುವಿಲ್ಲದೆ ಚಾಲೂ ಇಟ್ಟರೆ ಕೋಶ ತಾನು ಯಕೃತ್ತೋ ಚರ್ಮವೋ ಅನ್ನುವುದನ್ನೇ ಮರೆತು ಗಡ್ಡೆಯಾಗುತ್ತದೆ. 2016ರಲ್ಲಿ ಎರಡು ದಿನ ಚಾಲೂ, ಐದು ದಿನ ಬಂದ್ ಇಟ್ಟು ನೋಡಿದರು. ಬೇಗ ಮುದಿಯಾಗುವ ರೋಗದ ಇಲಿಗಳು ಹೆಚ್ಚು ದಿನ ಬದುಕಿದವು. ಭರವಸೆ ಇದೆ, ಆದರೆ ಅವು ರೋಗದ ಇಲಿಗಳು.

ಮುಂದೆಂದೋ ಎಬ್ಬಿಸಬಹುದು ಅನ್ನುವ ಆಸೆಯಿಂದ ಸತ್ತವರ ದೇಹವನ್ನು ಹೆಪ್ಪುಗಟ್ಟಿಸಿ ಇಡುವವರದು ಮತ್ತೆ ಕಲ್ಲಿನ ದಾರಿಯೇ. ರಕ್ತ ತೆಗೆದು, ನೀರು ಮಂಜಿನ ಹರಳಾಗದಂತೆ ತಡೆಯುವ ದ್ರವ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಳಿಬಿಡುತ್ತಾರೆ. 1967ರಿಂದ ನಡೆದಿದೆ, ಎದ್ದವರು ಒಬ್ಬರೂ ಇಲ್ಲ. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಸಾರಜನಕ ತುಂಬಿಸುವ ದುಡ್ಡು ಮುಗಿದು ಒಂಬತ್ತು ದೇಹಗಳು ಕರಗಿಹೋದದ್ದು 1979ರಲ್ಲಿ ಬಯಲಾಯಿತು. ದುಡ್ಡಿದ್ದರೂ, ಬಿಸಿ ಮಾಡುವಾಗ ಒಳಗೂ ಹೊರಗೂ ಒಂದೇ ವೇಗದಲ್ಲಿ ಕಾವು ಏರದಿದ್ದರೆ ಅಂಗ ಬಿರಿಯುತ್ತದೆ. 2023ರಲ್ಲಿ ಇಲಿಯ ಮೂತ್ರಪಿಂಡ ಒಂದನ್ನು 100 ದಿನ ಇಟ್ಟು, ಸರಿಯಾಗಿ ಕಾಯಿಸಿ, ಮತ್ತೊಂದು ಇಲಿಗೆ ಹಾಕಿ ಗೆದ್ದರು. ಕಿಡ್ನಿಗೆ ನೆನಪುಗಳಿಲ್ಲ, ಮಿದುಳಿಗಿವೆ. ಮಿದುಳನ್ನೇ ಕಂಪ್ಯೂಟರಿಗೆ ಇಳಿಸುವ ಮಾತಿಗೆ ಇಷ್ಟು ಸಾಕು: 302 ನರಕೋಶದ ಒಂದು ಹುಳದ ನಕ್ಷೆ 1986ರಿಂದ ಕೈಯಲ್ಲಿದೆ, ಆ ಹುಳವನ್ನೇ ಕಂಪ್ಯೂಟರಿನಲ್ಲಿ ಪೂರ್ತಿ ಬದುಕಿಸಲು ಇನ್ನೂ ಆಗಿಲ್ಲ. ನಮ್ಮ ತಲೆಯಲ್ಲಿರುವುದು ಸುಮಾರು 8,600 ಕೋಟಿ.

ಉಳಿಸಬೇಕಾದದ್ದು ಮೈಯೋ, 'ನಾನು' ಅನ್ನುವುದೋ ಅನ್ನುವ ಈ ವಾದ ಶರಣರ ಸಂವಾದಗಳ ಕೃತಿ ಶೂನ್ಯಸಂಪಾದನೆಯಲ್ಲಿ ಕತ್ತಿಯ ಮೊನೆಯಲ್ಲೇ ನಡೆಯುತ್ತದೆ. ಸಿದ್ಧಯೋಗಿ ಗೋರಕ್ಷ ವಜ್ರಕಾಯದವನು. ಅಲ್ಲಮ ಕತ್ತಿಯಿಂದ ಹೊಡೆದರೆ ಖಣ್ ಎಂದು ಸದ್ದಾಯಿತು, ಕೂದಲೂ ಕೊಂಕಲಿಲ್ಲ. ಸದ್ದಾಯಿತಲ್ಲ, ಅಲ್ಲಿಗೆ ಅದು ಸಿದ್ಧಿಯಲ್ಲ ಅಂದ ಅಲ್ಲಮ. ಗೋರಕ್ಷ ತಿರುಗಿ ಬೀಸಿದ ಕತ್ತಿ ಅಲ್ಲಮನ ಮೈಯಲ್ಲಿ ಬಯಲಲ್ಲಿ ಹಾದಂತೆ ಹಾದುಹೋಯಿತು. ಸಾವನ್ನು ತಡೆಯುವ ಗಟ್ಟಿತನ ಬೇರೆ, ಸಾವಿಗೆ ಸಿಕ್ಕುವ 'ನಾನು' ಇಲ್ಲದಿರುವುದು ಬೇರೆ. ಪ್ರಯೋಗಾಲಯ ಗೋರಕ್ಷನ ಕೆಲಸವನ್ನು ಮಾಡಬಲ್ಲುದು, ಮಾಡಲಿ ಕೂಡ. ಅಲ್ಲಮನ ಮಾತಿಗೆ ಅಲ್ಲಿ ಅಳತೆಗೋಲಿಲ್ಲ. ಕಠೋಪನಿಷತ್ತಿನ ನಚಿಕೇತನಿಗೂ ಯಮ ಬೇಕಾದಷ್ಟು ವರ್ಷದ ಆಯುಷ್ಯ ಕೊಡಲು ಮುಂದಾಗಿದ್ದ. ಪೂರ್ತಿ ಬದುಕೂ ಅಲ್ಪವೇ ಅಂತ ಹುಡುಗ ಅದನ್ನು ಬಿಟ್ಟು, ಸತ್ತಮೇಲೆ ಇರುವುದೋ ಇಲ್ಲವೋ ಅನ್ನುವುದನ್ನೇ ಕೇಳಿದ.

ಇನ್ನು ನಿನ್ನ ಗುಳಿಗೆ. ಕೊಳ್ಳಬೇಡ. ಇಂಥ ಸುದ್ದಿ ಬಂದಾಗ ಮೊದಲು ಯಾವ ಪ್ರಾಣಿಯ ಮೇಲೆ ಪ್ರಯೋಗ ಆಯಿತು ನೋಡು. ಮೂರು ವಾರ ಬದುಕುವ ಹುಳವೋ, ಎರಡು ಮೂರು ವರ್ಷದ ಇಲಿಯೋ? ಅಳೆದದ್ದು ರಕ್ತದ ಟೆಲೊಮಿಯರನ್ನೋ, ಬದುಕಿದ ವರ್ಷಗಳನ್ನೋ? ಸರಾಸರಿ ಆಯುಷ್ಯ ಏರಿತೋ, ಗರಿಷ್ಠ ಏರಿತೋ? ಗರಿಷ್ಠದ ದಾಖಲೆ ಫ್ರಾನ್ಸಿನ ಜಾನ್ ಕಾಲ್ಮಾಳ 122 ವರ್ಷ 164 ದಿನ. 1997ರಲ್ಲಿ ಆಕೆ ತೀರಿಕೊಂಡ ಮೇಲೆ ಅದನ್ನು ಯಾರೂ ದಾಟಿಲ್ಲ. ರಪಮೈಸಿನ್ 600 ದಿನ ದಾಟಿದ ಇಲಿಗಳ ಆಯುಷ್ಯವನ್ನೂ ಹೆಚ್ಚಿಸಿದ್ದು ಹೌದು, ಹೆಣ್ಣಿಗೆ ಶೇ. 14, ಗಂಡಿಗೆ ಶೇ. 9. ಆದರೆ ಅದು ಕಿಡ್ನಿ ಕಸಿ ಆದವರಿಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ. ಬಾಯಿ ಹುಣ್ಣು, ಗಾಯ ಮಾಯದಿರುವುದು ಅದರ ಜೊತೆಗೇ ಬರುತ್ತವೆ. ಡಾಕ್ಟರು ಹೇಳದೆ ಮುಟ್ಟಬಾರದು. ಆ ಗುಳಿಗೆಯ ದುಡ್ಡಿನಲ್ಲಿ ಅಪ್ಪಾರ ಬಿಪಿ, ಶುಗರ್ ತೋರಿಸಿಕೊಂಡು ಬಾ, ಬರೆದುಕೊಟ್ಟ ಔಷಧ ಒಂದು ದಿನವೂ ತಪ್ಪದಂತೆ ನೋಡಿಕೋ. ನೀನು ಗುಟ್ಕಾ ಬಿಡು. ಇವು ಆಯುಷ್ಯ ಉಳಿಸುತ್ತವೆ ಅನ್ನುವುದಕ್ಕೆ ಮನುಷ್ಯರ ಮೇಲೆಯೇ ನೋಡಿದ ಪುರಾವೆ ಇದೆ.

ನಿನ್ನ,
ಗದುಗಿನ ಗೆಳೆಯ