ತೂಕದ ಇಂಜೆಕ್ಷನ್ ಬರೆದುಕೊಟ್ಟವರು ಆಮೇಲೆ ಎಲ್ಲಿ ಹೋದರು?

ಸಂಪಾದಕರೇ,

ತೂಕ ಇಳಿಸುವ ಇಂಜೆಕ್ಷನ್ ಒಳ್ಳೆಯದೋ ಕೆಟ್ಟದ್ದೋ ಅಂತ ಎಲ್ಲ ಕಡೆ ಜಗಳ ನಡೆಯುತ್ತಿದೆ. ನನ್ನ ತಕರಾರು ಔಷಧದ ಮೇಲಲ್ಲ. ನಾನು ಈಗಲೂ ಅದನ್ನು ತೆಗೆದುಕೊಳ್ಳುತ್ತಿದ್ದೇನೆ. ಖಾಸಗಿಯಲ್ಲಿ ಅದನ್ನು ಬರೆದುಕೊಡುವ ರೀತಿ ಇದೆಯಲ್ಲ, ಅದರ ಬಗ್ಗೆ ಹೇಳಬೇಕಿದೆ.

ನಾನು ಹೋಗಿದ್ದು ಒಂದು ಖಾಸಗಿ ಕ್ಲಿನಿಕ್‌ಗೆ. ಹೋಗಿದ್ದು ಅಂದರೆ ವಿಡಿಯೋ ಕಾಲ್ ಅಷ್ಟೇ. ಮೊದಲು ಒಂದು ಫಾರಂ ತುಂಬಿಸಿದರು. ಎತ್ತರ, ತೂಕ, ಇರುವ ಕಾಯಿಲೆ, ನುಂಗುವ ಮಾತ್ರೆ. ತೂಕ ನಾನೇ ಹಾಕಿದೆ, ಹತ್ತು ಕೆಜಿ ಜಾಸ್ತಿ ಹಾಕಿದ್ದರೂ ಕೇಳುವವರಿರಲಿಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುತ್ತೇನೆ ಅಂತ ಅದರಲ್ಲೇ ಬರೆದಿದ್ದೆ. ವೈದ್ಯರು ನಾಲ್ಕೈದು ನಿಮಿಷ ಮಾತಾಡಿದರು, ಅದರಲ್ಲೂ ಅರ್ಧ ಹೊತ್ತು 'ಕೇಳಿಸ್ತಿದೆಯಾ ಮೇಡಂ' ಅನ್ನೋದರಲ್ಲೇ ಹೋಯಿತು. ಸೆಮಾಗ್ಲುಟೈಡ್ ಅನ್ನೋ ತೂಕದ ಇಂಜೆಕ್ಷನ್ ಬರೆದರು. ಮುಗೀತು.

ಆರನೇ ವಾರ. ಡೋಸ್ 0.25 ಮಿಲಿಗ್ರಾಂನಿಂದ 0.5ಕ್ಕೆ ಏರಿತ್ತು. ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ದಿಂಬು ಬೆವರಿನಲ್ಲಿ ಒದ್ದೆ. ಕೈ ಎಷ್ಟು ನಡುಗುತ್ತಿತ್ತು ಅಂದರೆ ಗ್ಲುಕೋಮೀಟರ್‌ನ ಸಣ್ಣ ತೂತಿಗೆ ಪಟ್ಟಿ ಸೇರಿಸಲು ನನ್ನಿಂದ ಆಗಲಿಲ್ಲ, ನಮ್ಮ ಯಜಮಾನರು ಎದ್ದು ಸೇರಿಸಿದರು. ಸಕ್ಕರೆ 54 ತೋರಿಸಿತು, ತೀರಾ ಕಡಿಮೆ. ಸಕ್ಕರೆ ನೀರು ಕುಡಿದು ಅಡುಗೆಮನೆಯ ನೆಲದ ಮೇಲೇ ಕೂತಿದ್ದೆ.

ಆಗಿದ್ದು ಇಷ್ಟು. ಸೆಮಾಗ್ಲುಟೈಡ್ ಒಂದೇ ಆದರೆ ಸಕ್ಕರೆ ಇಷ್ಟು ಕೆಳಗೆ ಇಳಿಯುವುದು ಅಪರೂಪ, ಯಾಕೆಂದರೆ ರಕ್ತದಲ್ಲಿ ಸಕ್ಕರೆ ಏರಿದಾಗ ಮಾತ್ರ ಅದು ಇನ್ಸುಲಿನ್ ಬಿಡಿಸುತ್ತದೆ. ಗ್ಲಿಮೆಪಿರೈಡ್ ಹಾಗಲ್ಲ, ಉಂಡರೂ ಬಿಟ್ಟರೂ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಇಂಜೆಕ್ಷನ್‌ನಿಂದ ನನ್ನ ಹಸಿವು ಸತ್ತಿತ್ತು, ಊಟ ಅರ್ಧಕ್ಕೆ ಇಳಿದಿತ್ತು, ಮಾತ್ರೆ ಮಾತ್ರ ಹಾಗೇ ನಡೆದಿತ್ತು. ಇಂಜೆಕ್ಷನ್ ಶುರುಮಾಡುವಾಗ ಇಂಥ ಮಾತ್ರೆಯ ಡೋಸ್ ತಗ್ಗಿಸಬೇಕೇ ಅಂತ ನೋಡಬೇಕು ಎನ್ನುವುದು ಔಷಧದ ಮಾಹಿತಿಯಲ್ಲೇ ಇದೆ. ನಾನು ಓದಿರಲಿಲ್ಲ, ತಪ್ಪು ನನ್ನದೂ ಹೌದು. ಆದರೆ ಓದಿರಬೇಕಾದವರು ಮೊದಲು ಯಾರು? ಬೆಳಗ್ಗೆ ಕ್ಲಿನಿಕ್‌ಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ ಕೇಳಿದ್ದು, 'ಮುಂದಿನ ಡೋಸ್ ಆರ್ಡರ್ ಮಾಡ್ಬೇಕಾ ಮೇಡಂ?'

ಇನ್ನೊಂದು ಒಪ್ಪಿಕೊಳ್ಳಬೇಕು. ಆ ಮಾತ್ರೆ ಬರೆದುಕೊಟ್ಟಿದ್ದ ನಮ್ಮ ಮಾಮೂಲಿ ಡಾಕ್ಟರಿಗೆ ನಾನು ವಿಷಯ ಹೇಳಿರಲಿಲ್ಲ. ನಾಚಿಕೆ. 'ಬಾಯಿ ಕಟ್ಟೋಕೆ ಆಗಲ್ವಾ' ಅಂತ ಕೇಳಿಸಿಕೊಂಡೇ ಬೆಳೆದ ದಪ್ಪ ಹೆಂಗಸಿಗೆ ಈ ನಾಚಿಕೆ ಎಂಥದ್ದು ಅಂತ ಗೊತ್ತಿರುತ್ತದೆ. ಖಾಸಗಿ ಕ್ಲಿನಿಕ್‌ಗಳ ವ್ಯಾಪಾರ ನಡೆಯುವುದೂ ಅರ್ಧ ಅದರ ಮೇಲೆಯೇ. ಯಾರಿಗೂ ತಿಳಿಯದ ಹಾಗೆ ಪೆಟ್ಟಿಗೆ ಮನೆಗೆ ಬರುತ್ತದೆ. ಆದರೆ ರೋಗಿ ಒಪ್ಪಿದರೆ ಅವರ ಡಾಕ್ಟರಿಗೆ ಎರಡು ಸಾಲು ಬರೆದು ಕಳಿಸಲು ಏನು ಕಷ್ಟ? ನನ್ನನ್ನು ಯಾರೂ ಕೇಳಲೇ ಇಲ್ಲ. ಕುಟುಂಬದಲ್ಲಿ ಯಾರಿಗಾದರೂ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ನನಗೆ ಮೇದೋಜೀರಕ ಗ್ರಂಥಿಯ ಊತ ಬಂದಿತ್ತಾ, ಪಿತ್ತಕೋಶದಲ್ಲಿ ಕಲ್ಲಿದೆಯಾ, ಇಂಜೆಕ್ಷನ್ ಬರೆಯುವ ಮೊದಲು ಕೇಳಬೇಕಾದ ಇವನ್ನೂ ಕೇಳಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗಿಗೆ ಬೇರೆ ಕಡೆ ಟಿರ್ಜೆಪಟೈಡ್ ಅನ್ನೋ ಇಂಥದ್ದೇ ಇನ್ನೊಂದು ಇಂಜೆಕ್ಷನ್ ಬರೆದಿದ್ದಾರೆ. ಅದು ಗರ್ಭನಿರೋಧಕ ಮಾತ್ರೆಯ ಕೆಲಸವನ್ನು ತಗ್ಗಿಸಬಹುದು, ಶುರುಮಾಡಿದ ಮೇಲೆ ನಾಲ್ಕು ವಾರ ಮತ್ತು ಪ್ರತಿ ಸಲ ಡೋಸ್ ಏರಿಸಿದ ಮೇಲೂ ನಾಲ್ಕು ವಾರ ಬೇರೆ ಉಪಾಯವನ್ನೂ ಮಾಡಿಕೊಳ್ಳಬೇಕು. ಅದನ್ನು ಅವಳಿಗೆ ಹೇಳಿದ್ದು ನಾನು!

ಜಾಹೀರಾತಿನ ಲೆಕ್ಕವನ್ನೂ ನೋಡಿ. ಸುಮಾರು 15% ತೂಕ ಇಳಿಯುತ್ತದೆ ಅಂತ ಹಾಕುತ್ತಾರೆ. ಸುಳ್ಳಲ್ಲ. ಸೆಮಾಗ್ಲುಟೈಡ್ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಸ್ಟೆಪ್ 1 ಅಧ್ಯಯನದಲ್ಲಿ 2.4 ಮಿಲಿಗ್ರಾಂ ಡೋಸ್‌ಗೆ 68 ವಾರಕ್ಕೆ ಸರಾಸರಿ 14.9% ಇಳಿದಿತ್ತು. ಆದರೆ ಅದರಲ್ಲಿದ್ದವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ನನ್ನಂಥ ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಸ್ಟೆಪ್ 2ರಲ್ಲಿ ಅದೇ ಡೋಸ್‌ಗೆ, ಅಷ್ಟೇ ವಾರಕ್ಕೆ ಇಳಿದಿದ್ದು 9.6%. ಅದೂ ಕಡಿಮೆಯೇನಲ್ಲ, ಆದರೆ ನನಗೆ ಹೇಳಬೇಕಾಗಿದ್ದ ಲೆಕ್ಕ ಅದು ಅಲ್ವಾ? ಇಂಜೆಕ್ಷನ್ ನಿಲ್ಲಿಸಿದರೆ ಏನಾಗುತ್ತದೆ ಅಂತಲೂ ಹೇಳಲಿಲ್ಲ. ಸ್ಟೆಪ್ 1ರಲ್ಲಿ ನಿಲ್ಲಿಸಿದವರಿಗೆ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂತು. ಹಾಗಾದರೆ ಇದು ಬಿಪಿ ಮಾತ್ರೆಯ ಹಾಗೆ, ವರ್ಷಗಟ್ಟಲೆ ನಡೆಯುವ ವಿಷಯ. ಎಷ್ಟು ವರ್ಷ ಕೈಯಿಂದ ದುಡ್ಡು ಹಾಕಲು ಆಗುತ್ತದೆ ಅಂತ ಮೊದಲ ದಿನವೇ ಕೇಳಬೇಕಿತ್ತು. ಮೊದಲ ಇಂಜೆಕ್ಷನ್ ಪೆನ್‌ಗೆ ರಿಯಾಯಿತಿ ಕೊಡುವವರು ಇದನ್ನೇಕೆ ಕೇಳುತ್ತಾರೆ ಬಿಡಿ.

ಖಾಸಗಿ ಅಂದರೆ ಎಲ್ಲರೂ ಹೀಗೇ ಅಂತ ಹೇಳುತ್ತಿಲ್ಲ. ಈಗ ನನ್ನನ್ನು ನೋಡುತ್ತಿರುವ ಡಾಕ್ಟರೂ ಖಾಸಗಿಯವರೇ. ಮೊದಲ ದಿನ ಮುಕ್ಕಾಲು ಗಂಟೆ ತೆಗೆದುಕೊಂಡರು. ಚಪ್ಪಲಿ ಬಿಚ್ಚಿಸಿ ತೂಕ ನೋಡಿದರು. ಗ್ಲಿಮೆಪಿರೈಡ್ ನಿಲ್ಲಿಸಿದರು. ಸಕ್ಕರೆ ಬೇಗ ಇಳಿದರೆ ಕೆಲವರ ಕಣ್ಣಿನ ಪರದೆಗೆ ತೊಂದರೆ ಆಗಬಹುದು ಅಂತ ಕಣ್ಣಿನ ತಪಾಸಣೆಗೆ ಕಳಿಸಿದರು. ಡೋಸ್ 2.4 ಮಿಲಿಗ್ರಾಂಗೆ ಏರಿಸಲೇಬೇಕು ಅಂತೇನಿಲ್ಲ, 0.5ರಲ್ಲೇ ತೂಕ ಇಳಿಯುತ್ತಿದ್ದರೆ ಅಲ್ಲೇ ಇರಿ ಅಂದರು. ಆಮೇಲೆ ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಿ ಅಂದರು. ನನಗೆ ನಗು ಬಂತು. ನಾಲ್ಕನೇ ಸಲಕ್ಕೆ ತೊಡೆ ಸೋತಿತು. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ತಿನ್ನುವುದು ಸ್ವಲ್ಪವೇ ಆದರೂ ಅದರಲ್ಲಿ ಪ್ರೋಟೀನ್ ಇರಲಿ, ಈ ಏಳೋದು ಕೂರೋದು ದಿನಾ ಮಾಡಿ ಅಂದರು.

ಮತ್ತೆ ಯಾವಾಗ ಬರಬೇಕು ಅಂತ ಚೀಟಿಯ ಕೆಳಗೆ ತಾರೀಖು ಬರೆದುಕೊಟ್ಟರು. ಮನೆಗೆ ಬಂದು ಹಳೆಯ ಚೀಟಿ ತೆಗೆದು ನೋಡಿದೆ. ಅದೇ ಜಾಗದಲ್ಲಿ, ಸ್ನೇಹಿತರಿಗೆ ಹೇಳಿ ಅಂತ ಒಂದು ರಿಯಾಯಿತಿ ಕೋಡ್ ಇತ್ತು.

ಇಂತಿ,
ಓದುಗರೊಬ್ಬರು (ಹೆಸರು ಹಾಕಬೇಡಿ)